ಹುಳ ನೋಡಿಕೊಂಡವನು

ಮಾಲಿಗೆ ಐವತ್ತೆಂಟನೆಯ ವಯಸ್ಸಿನಲ್ಲಿ ಸಮುದ್ರದೊಳಗೆ ತೋಟ ಮಾಡುವ ಕೆಲಸ ಸಿಕ್ಕಿತು. ಊರಿನವರು ನಕ್ಕರು. ನಗದೆ ಇನ್ನೇನು ಮಾಡುತ್ತಾರೆ? ಇಪ್ಪತ್ತಾರು ವರ್ಷ ಪುರಸಭೆಯ ಉದ್ಯಾನದಲ್ಲಿ ಗುಲಾಬಿ, ಸೇವಂತಿಗೆ ಅಂತ ಮಣ್ಣು ಕೆದಕಿದ ಮನುಷ್ಯ. ಸಸಿಮನೆ ಮುಚ್ಚಿಸಿ ಅಲ್ಲಿ ಕಾರು ನಿಲ್ಲಿಸುವ ಜಾಗ ಮಾಡಿದ ಮೇಲೆ, ಮೊಣಕಾಲುದ್ದದ ರಬ್ಬರ್ ಬೂಟು ಏರಿಸಿಕೊಂಡು ಉಪ್ಪುನೀರಿನಲ್ಲಿ ಹುಲ್ಲು ನೆಡುತ್ತಿದ್ದಾನೆ ಎಂದರೆ ನಗು ಬರುವಂಥದ್ದೇ. "ನೀರು ಹಾಕೋ ಕೆಲಸ ಒಂದು ಉಳೀತು ಬಿಡಪ್ಪ" ಎಂದು ಚಹಾ ಅಂಗಡಿಯವನು ಛೇಡಿಸಿದ. ಮಾಲಿಯೂ ನಕ್ಕ. ಕೆಲಸವಿಲ್ಲದೆ ಹನ್ನೊಂದು ತಿಂಗಳು ಸೈಕಲ್ ಅಂಗಡಿಯ ಮೇಲಿನ ಒಂಟಿ ಕೋಣೆಯಲ್ಲಿ ಕೂತು, ಗೋಡೆಯ ಬಿರುಕುಗಳನ್ನೆಲ್ಲ ಬಾಯಿಪಾಠ ಮಾಡಿಕೊಂಡಿದ್ದವನಿಗೆ ಯಾರ ಮೇಲೂ ಸಿಟ್ಟು ಮಾಡುವ ಚೈತನ್ಯ ಉಳಿದಿರಲಿಲ್ಲ.

ಕೆಲಸ ಕೊಟ್ಟವಳು ಕಡಲ ಸಂಶೋಧನಾ ಕೇಂದ್ರದ ಡಾಕ್ಟರಮ್ಮ. ನಾನು ಹುಲ್ಲಿಗೆ ಡಾಕ್ಟರು, ಮನುಷ್ಯರಿಗಲ್ಲ ಎಂದು ಅವಳು ಎಷ್ಟು ಬಡಿದುಕೊಂಡರೂ ದಡದ ಓಣಿಯವರು ಜ್ವರಕ್ಕೆ ಮಾತ್ರೆ ಕೇಳುವುದನ್ನು ಬಿಡಲಿಲ್ಲ. ಕೊನೆಗೆ ಅವಳೇ ಸೋತು ಚೀಲದಲ್ಲಿ ಮಾತ್ರೆ ಇಟ್ಟುಕೊಂಡು ಓಡಾಡತೊಡಗಿದಳು. ಒಳ್ಳೆಯವಳು. ಆದರೆ ಮಾತಾಡುವಾಗ ಪುಸ್ತಕ ಓದಿದ ಹಾಗೆ ಮಾತಾಡುತ್ತಿದ್ದಳು. ಕೇಳುವವರು ತಲೆಯಾಡಿಸಿದರೆ ಅರ್ಥವಾಯಿತೆಂದೇ ನಂಬುತ್ತಿದ್ದಳು.

ಕಡಲ ಹುಲ್ಲು ಎಂದರೆ ಪಾಚಿಯಲ್ಲ. ಬೇರು ಬಿಡುವ, ಹೂ ಬಿಡುವ ನಿಜವಾದ ಹುಲ್ಲು. ಹಿಂದೆ ಆ ಕೊಲ್ಲಿಯ ತುಂಬ ಬೆಳೆದಿತ್ತು. ನೀರು ಇಳಿದಾಗ ದಡದ ಓಣಿಯ ಹದಿನಾಲ್ಕು ಮನೆಗಳ ಹೆಂಗಸರು ಬುಟ್ಟಿ ಹಿಡಿದು ಇಳಿದು, ಹುಲ್ಲಿನ ಬುಡದಿಂದ ಮಾರಾಟಕ್ಕೆ ಚಿಪ್ಪುಮೀನು ಹೆಕ್ಕುತ್ತಿದ್ದರು; ಅವರ ಬಾಯಲ್ಲಿ ಅದು ಬರೀ ಚಿಪ್ಪು. ಆಮೇಲೆ ಊರು ಬೆಳೆಯಿತು. ಊರಿನ ಕೊಳಚೆಯನ್ನೆಲ್ಲ ಹೊತ್ತು ತರುವ ದೊಡ್ಡ ಚರಂಡಿ ಪಂಪ್‌ಹೌಸ್ ಪಕ್ಕದಲ್ಲಿ ಕೊಲ್ಲಿಗೇ ಬಾಯಿ ತೆರೆಯಿತು. ಹತ್ತು ವರ್ಷದಲ್ಲಿ ಹುಲ್ಲು ಹೋಯಿತು, ಕೆಸರು ಕಪ್ಪಾಯಿತು, ಚಿಪ್ಪುಗಳು ಒಳಗೇ ಕೊಳೆತು ನಾರತೊಡಗಿದವು. ಈಗ ಹೆಂಗಸರು ಕೊಲ್ಲಿಯ ದೂರದ ಮೂಲೆಗೆ ಹೋಗಿ ಅರ್ಧ ಬುಟ್ಟಿ ತುಂಬಿಸಿಕೊಂಡು ಬಂದರೆ ಅದೇ ಪುಣ್ಯ.

ಆ ಹದಿನಾಲ್ಕು ಮನೆಗಳಲ್ಲಿ ಒಂದು ಮಾಲಿಯ ತಂಗಿಯದು. ಅವಳ ಗಂಡ ಹಡಗಿನ ಕೆಲಸಕ್ಕೆ ಹೋದವನು ಕಾಗದ ಬರೆಯುವುದನ್ನು ನಿಲ್ಲಿಸಿ ಒಂಬತ್ತು ವರ್ಷವಾಗಿತ್ತು. ಮಕ್ಕಳಿಲ್ಲ. ಕೊಲ್ಲಿಯೇ ಅವಳ ಗಂಡ, ಕೊಲ್ಲಿಯೇ ಮಕ್ಕಳು. ಡಾಕ್ಟರಮ್ಮ ಒಂಬತ್ತು ಚೌಕಗಳಲ್ಲಿ ಹೊಸದಾಗಿ ಹುಲ್ಲು ನೆಡಿಸುತ್ತಾಳಂತೆ, ಅದು ನಿಂತರೆ ಇಡೀ ಕೊಲ್ಲಿಗೆ ನೆಡಿಸುತ್ತಾಳಂತೆ ಎಂದು ಮಾಲಿ ಬಂದು ಹೇಳಿದ ದಿನ ಅವಳು ಕೈಯಲ್ಲಿದ್ದ ಪಾತ್ರೆಯನ್ನು ಹಾಗೇ ಹಿಡಿದುಕೊಂಡು ನಿಂತುಬಿಟ್ಟಳು.

"ಅಣ್ಣ, ಸುಮ್ಸುಮ್ನೆ ಆಸೆ ಹುಟ್ಟಿಸ್ಬೇಡ."

"ನೆಡೋನು ನಾನು ಕಣೇ. ನನ್ನ ಕೈಗುಣದ ಮೇಲೆ ನಂಬಿಕೆ ಇಲ್ವಾ? ಬರ್ತವೆ ಚಿಪ್ಪು. ಬುಟ್ಟಿ ಸಾಲಲ್ಲ ನಿನಗೆ, ನೋಡ್ತಿರು."

ಅವನ ಕೈಗುಣದ ಬಗ್ಗೆ ಎರಡು ಮಾತಿರಲಿಲ್ಲ. ಅವನು ನೆಟ್ಟ ಒಂದು ಕಡ್ಡಿಯೂ ಒಣಗಿದ್ದನ್ನು ಊರು ಕಂಡಿರಲಿಲ್ಲ. ಒಂಬತ್ತು ಚೌಕಗಳಲ್ಲೂ ಹುಲ್ಲು ಹಿಡಿಯಿತು. ಒಂದೊಂದು ಚೌಕವೂ ಒಂದು ಕೋಣೆಯಷ್ಟು ಅಗಲ. ಎರಡು ತಿಂಗಳಿಗೆ ಮೊಣಕೈಯುದ್ದ ಬೆಳೆದು, ನೀರಿಳಿದಾಗ ಒದ್ದೆ ಕೂದಲಿನ ಹಾಗೆ ಒಂದೇ ಕಡೆಗೆ ಮಲಗುತ್ತಿತ್ತು. ಅದನ್ನು ನೋಡಲೆಂದೇ ತಂಗಿ ಬೆಳಿಗ್ಗೆ ಬೇಗ ದಡಕ್ಕೆ ಬರುತ್ತಿದ್ದಳು. ಹತ್ತಿರ ಹೋಗುತ್ತಿರಲಿಲ್ಲ. ದೃಷ್ಟಿಯಾದೀತೆಂದು ದೂರದಿಂದಲೇ ನೋಡಿ ಬೇರೆ ಮೂಲೆಗೆ ಹೊರಟುಹೋಗುತ್ತಿದ್ದಳು.

ಡಾಕ್ಟರಮ್ಮ ಮೊದಲ ದಿನವೇ ಎಲ್ಲವನ್ನೂ ವಿವರಿಸಿದ್ದಳು, ಇಲ್ಲವೆನ್ನುವಂತಿಲ್ಲ. ಚರಂಡಿಯ ನೀರಿನಲ್ಲಿ ಪೋಷಕಾಂಶ ಹೆಚ್ಚು, ಅದರಿಂದ ಎಲೆಗಳ ಮೇಲೆ ಪಾಚಿ ಕಟ್ಟುತ್ತದೆ, ಪಾಚಿ ಬೆಳಕನ್ನು ತಡೆಯುತ್ತದೆ, ಆದರೆ ಮೇಯುವ ಜೀವಿಗಳಿದ್ದರೆ ಸಮತೋಲನ ಉಳಿಯುತ್ತದೆ. ಆಗ ಮಾಲಿಯ ಎಡಗಾಲಿನ ಬೂಟು ಸೋರುತ್ತಿತ್ತು. ಅವನ ಗಮನವೆಲ್ಲ ಕಾಲ್ಬೆರಳುಗಳ ಸಂದಿಗೆ ಇಳಿಯುತ್ತಿದ್ದ ತಣ್ಣನೆ ನೀರಿನ ಮೇಲೆ. ಪೋಷಕಾಂಶ ಎಂಬ ಒಂದು ಪದ ಮಾತ್ರ ಕಿವಿಗೆ ಬಿತ್ತು. ಅದು ಗೊಬ್ಬರ ತಾನೇ, ಗೊಬ್ಬರ ಒಳ್ಳೆಯದು ತಾನೇ ಎಂದುಕೊಂಡ. ತಲೆಯಾಡಿಸಿದ.

ಮೂರನೆಯ ತಿಂಗಳು ಡಾಕ್ಟರಮ್ಮ ಇನ್ನೊಂದು ಕರಾವಳಿಯ ಕೆಲಸಕ್ಕೆ ಆರು ವಾರ ಹೋಗಬೇಕಾಯಿತು. ಹೊರಡುವ ಮುನ್ನ ಬೂಟು ಕಳಚುತ್ತ ಹೇಳಿದಳು: "ಮಾಲಿಯವರೇ, ಹುಲ್ಲು ಅದರ ಪಾಡಿಗೆ ಬೆಳೆಯುತ್ತೆ. ನೀವು ಆ ಹುಳಗಳನ್ನ ಚೆನ್ನಾಗಿ ನೋಡ್ಕೊಳ್ಳಿ, ಸಾಕು. ಎಲ್ಲಾ ನಿಂತಿರೋದು ಅದರ ಮೇಲೇ."

"ಅದನ್ನ ನನಗೆ ಬಿಡಿ ಮೇಡಂ. ಒಂದೂ ತಪ್ಪಿಸ್ಕೊಳ್ಳದ ಹಾಗೆ ನೋಡ್ಕೋತೀನಿ."

ಇಂಥ ಕೆಲಸಗಾರ ಸಿಕ್ಕಿದ್ದು ತನ್ನ ಅದೃಷ್ಟ ಎಂದುಕೊಂಡು ಅವಳು ಸಂತೋಷವಾಗಿ ಹೊರಟುಹೋದಳು.

ನಮ್ಮ ಮಾತಿನ ಈ ಪದ ಎಂಥ ಕಿಡಿಗೇಡಿ ನೋಡಿ. ಮಗುವನ್ನು ನೋಡಿಕೋ ಎಂದರೆ ಹಾಲು ಕುಡಿಸು ಎಂದರ್ಥ. ಆ ಪುಂಡನನ್ನು ಒಂದು ಕೈ ನೋಡಿಕೋ ಎಂದರೆ ಕೈಕಾಲು ಮುರಿ ಎಂದರ್ಥ. ಯಾವುದು ಯಾವಾಗ ಎಂದು ಯಾರೂ ಯಾರಿಗೂ ಕಲಿಸುವುದಿಲ್ಲ, ಎದುರಿಗಿರುವುದು ಮಗುವೋ ಪುಂಡನೋ ಎಂದು ನೋಡಿದರೆ ತಾನೇ ಗೊತ್ತಾಗುತ್ತದೆ. ಡಾಕ್ಟರಮ್ಮನಿಗೆ ಹುಳ ಎಂದರೆ ಮಗು. ಮಾಲಿಯ ಇಪ್ಪತ್ತಾರು ವರ್ಷದ ಬಾಳಿನಲ್ಲಿ ಹುಳ ಎಂದರೆ ಪುಂಡ. ಎಲೆ ತಿನ್ನುವ ಹುಳ, ಮೊಗ್ಗು ಕೊರೆಯುವ ಹುಳ, ಬೇರು ಕತ್ತರಿಸುವ ಹುಳ, ಎಲ್ಲಕ್ಕಿಂತ ನೀಚವಾದ ಬಸವನಹುಳ. ಒಂದೇ ರಾತ್ರಿಯಲ್ಲಿ ಒಂದು ಮಡಿ ಸಸಿಯನ್ನು ನೆಲಸಮ ಮಾಡಿ, ಅಂಟಂಟು ದಾರಿ ಬಿಟ್ಟು ಹೋಗುವ ಕಳ್ಳ. ಮಾಲಿಗೆ ಯಾರೂ ಯಾವತ್ತೂ ಹುಳವನ್ನು ಸಾಕಲು ಹೇಳಿರಲಿಲ್ಲ.

ಮರುದಿನ ನೀರಿಳಿದಾಗ ಅವನು ಮಂಡಿಯೂರಿ ಕೂತು ಹುಲ್ಲನ್ನು ಹತ್ತಿರದಿಂದ ನೋಡಿದ. ಇದ್ದವು. ಒಂದೊಂದು ಎಲೆಯ ಮೇಲೂ ಮೆಣಸಿನಕಾಳಿನಷ್ಟು ದೊಡ್ಡ ಬಸವನಹುಳಗಳು ನಾಲ್ಕೈದು ಅಂಟಿಕೊಂಡು ನಿಧಾನವಾಗಿ ಬಾಯಾಡಿಸುತ್ತಿದ್ದವು. ಬುಡದಲ್ಲಿ ಅಕ್ಕಿಕಾಳಿನಷ್ಟು ಸಣ್ಣ, ಸಿಗಡಿಯ ಹಾಗೆ ಬೆನ್ನು ಬಾಗಿದ ಹುಳಗಳು ಗುಂಪುಗುಂಪಾಗಿ ಜಿಗಿಯುತ್ತಿದ್ದವು. ಕೆಲವು ಎಲೆಗಳ ತುದಿ ಕಚ್ಚಿದ ಹಾಗಿತ್ತು. ಅದು ಮೀನು ಕಚ್ಚಿದ್ದು. ಆದರೆ ಮೀನು ಕಚ್ಚಿ ಹೋಗಿಬಿಡುತ್ತದೆ, ಸಿಕ್ಕಿಬೀಳುವುದು ಸ್ಥಳದಲ್ಲಿ ಕೂತವನು. ಮಾಲಿಯ ಮೈ ಉರಿಯಿತು. ನಮ್ಮ ತಂಗಿಯ ಅನ್ನಕ್ಕೆ ಬಾಯಿ ಹಾಕಿದ್ದೀರಾ ಎಂದು ಗಟ್ಟಿಯಾಗಿಯೇ ಬೈದ.

ತೋಟದಲ್ಲಾದರೆ ಬಸವನಹುಳಕ್ಕೆ ಉಪ್ಪು ಹಾಕುತ್ತಿದ್ದ. ಇವಕ್ಕೆ ಉಪ್ಪು ಹಾಕಿ ಏನು ಮಾಡುವುದು ಎಂದು ತನಗೆ ತಾನೇ ನಕ್ಕು, ಬಕೆಟ್ ತಂದ. ಎಡಗೈಯಲ್ಲಿ ಎಲೆಯ ಬುಡ ಹಿಡಿದು ಬಲಗೈಯ ಎರಡು ಬೆರಳಿನಿಂದ ಮೇಲಕ್ಕೆ ಸವರಿದರೆ ಹುಳಗಳು ಉದುರಿ ಕೈಗೆ ಬರುತ್ತಿದ್ದವು. ಸಣ್ಣವಕ್ಕೆ ಜರಡಿ. ಚೌಕದ ಮೇಲೆ ಜರಡಿ ಆಡಿಸಿ ಎತ್ತಿದರೆ ಹಿಡಿತುಂಬ. ದಿನಕ್ಕೆ ಎರಡು ಬಕೆಟ್. ಎಂಟು ಗಂಟೆಗೆ ಪಂಪ್‌ಹೌಸ್ ಬಳಿ ಬರುವ ಕಸದ ಲಾರಿಗೆ ಸುರಿದರೆ ಆ ದಿನದ ಬೇಟೆ ಮುಗಿಯಿತು. ಎರಡು ವಾರದಲ್ಲಿ ಒಂಬತ್ತು ಚೌಕಗಳಲ್ಲೂ ಹುಡುಕಿದರೂ ಒಂದು ಹುಳ ಸಿಗದ ಹಾಗೆ ಮಾಡಿದ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಮಾಡಿದ ಕೆಲಸ. ಸಂಬಳಕ್ಕೆಂದು ಮಾಡಿದ್ದಲ್ಲ ಎನ್ನುವುದೇ ಈಗ ನೆನೆಸಿಕೊಂಡರೆ ಹೊಟ್ಟೆ ಉರಿಸುವ ಸಂಗತಿ.

ತಂಗಿ ಒಮ್ಮೆ ದಡದಿಂದ ಕೂಗಿ ಕೇಳಿದ್ದಳು: "ಏನಣ್ಣ ಅದು, ದಿನಾ ಬಕೆಟ್ ತುಂಬಾ?"

"ಕೆಲಸ ಕಣೇ ಕೆಲಸ! ನಿನಗೆ ಅರ್ಥ ಆಗಲ್ಲ, ದೊಡ್ಡ ಓದಿನ ವಿಷಯ!"

ಮೂರನೆಯ ವಾರ ಎಲೆಗಳ ಮೇಲೆ ಒಂದು ನವಿರಾದ ತುಪ್ಪಳ ಬಂತು. ಮೊದಲು ಹಸಿರು, ಆಮೇಲೆ ಕಂದು. ಹುಳ ಬಿಟ್ಟುಹೋದ ರೋಗ ಎಂದುಕೊಂಡ ಮಾಲಿ ಇನ್ನೊಮ್ಮೆ ಜರಡಿ ಹಿಡಿದ. ಏನೂ ಸಿಗಲಿಲ್ಲ. ತುಪ್ಪಳ ದಪ್ಪವಾಯಿತು. ಎಲೆಗಳು ಅದರ ಭಾರಕ್ಕೆ ಏಳಲಾರದೆ ಕೆಸರಿನ ಮೇಲೆ ಬಿದ್ದುಕೊಂಡವು. ಆಗ ಅವನು ತನ್ನ ಹಳೆಯ ಬನಿಯನ್ ಹರಿದು ತಂದು, ಒಂದೊಂದೇ ಎಲೆಯನ್ನು ಒರೆಸಲು ಕೂತ.

ಒರೆಸಿದ ಎಲೆ ಹಸಿರಾಗಿ ಮಿನುಗುತ್ತಿತ್ತು. ಅದೇ ಅವನನ್ನು ಮೋಸ ಮಾಡಿದ್ದು. ನೀರಿಳಿದ ಗಳಿಗೆಯಿಂದ ಮತ್ತೆ ಸೊಂಟಕ್ಕೆ ಏರುವವರೆಗೂ ಬೆನ್ನು ಬಗ್ಗಿಸಿ ಒರೆಸಿದರೆ ದಿನಕ್ಕೆ ಒಂದು ಚೌಕದ ಅರ್ಧ ಮುಗಿಯುತ್ತಿತ್ತು. ಎರಡನೆಯ ಚೌಕಕ್ಕೆ ಹೋಗುವಷ್ಟರಲ್ಲಿ ಮೊದಲನೆಯದು ಮತ್ತೆ ಕಂದಾಗುತ್ತಿತ್ತು. ಬೆರಳ ಸಂದಿಗಳು ಉಪ್ಪಿಗೆ ಸೀಳಿ ರಕ್ತ ಒಸರಿತು. ಲಕ್ಷಾಂತರ ಪುಟ್ಟ ಬಾಯಿಗಳು ಹಗಲೂ ರಾತ್ರಿ ಮೇಯ್ದು ಮಾಡುತ್ತಿದ್ದ ಕೆಲಸವನ್ನು ಮುದುಕನೊಬ್ಬನ ಹತ್ತು ಬೆರಳು ಮಾಡಲು ಹೊರಟಿದ್ದವು. ಹಾಗೆಂದು ಅವನಿಗೆ ತಿಳಿದಿರಲಿಲ್ಲ. ಐದನೆಯ ವಾರ ಒರೆಸಲು ಹಿಡಿದ ಎಲೆಗಳು ಬುಡದಿಂದಲೇ ಕಳಚಿ ಕೈಗೆ ಬಂದವು.

ಡಾಕ್ಟರಮ್ಮ ಹಿಂದಿರುಗಿದ ಬೆಳಿಗ್ಗೆ ಚೀಲವನ್ನೂ ಇಳಿಸದೆ ನೇರ ಕೊಲ್ಲಿಗೆ ಬಂದಳು. ಚೌಕದಿಂದ ಚೌಕಕ್ಕೆ ನಡೆದಳು. ಒಂಬತ್ತನೆಯದರಲ್ಲಿ ಕುಕ್ಕರಿಸಿ ಕೂತು, ಕೊಳೆತ ಎಲೆಯೊಂದನ್ನು ಅಂಗೈಯ ಮೇಲೆ ಹರಡಿಕೊಂಡಳು.

"ಹುಳ ಎಲ್ಲಿ?"

ಮಾಲಿ ಬಾಯಿ ತೆರೆದ. ಒಂದನ್ನೂ ಬಿಟ್ಟಿಲ್ಲ ಮೇಡಂ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಅವಳು ತನ್ನಷ್ಟಕ್ಕೆ ಮುಂದುವರಿಸಿದಳು: "ಈ ಪಾಚಿನ ಮೇಯೋ ಹುಳಗಳು ಎಲ್ಲಿ ಹೋದ್ವು? ಅವಿದ್ದಿದ್ರೆ ಹೀಗೆ ಆಗ್ತಾನೇ ಇರ್ಲಿಲ್ಲ. ಇಂಥ ಕೊಳಚೆಲೂ ಹುಲ್ಲನ್ನ ಉಳಿಸ್ತಿದ್ದದ್ದು ಅವೇ ಅಲ್ವಾ?"

ಮಾಲಿಗೆ ಆಗ ಹೊಳೆಯಿತು. ಪಾಚಿ ಮೇಯುವ ಹುಳ. ಎಲೆ ತಿನ್ನುವುದಲ್ಲ. ಎಲೆಯನ್ನು ನೆಕ್ಕಿ ತೊಳೆಯುವುದು. ಆ ಎರಡು ವಾರದ ಒಂದೊಂದು ಬಕೆಟ್ಟೂ ಅವನ ಕಣ್ಣ ಮುಂದೆ ಲಾರಿಗೆ ಸುರಿದುಕೊಂಡಿತು. ಹೇಳಬೇಕಾಗಿದ್ದದ್ದು ಆಗಲೇ. ಆದರೆ ಹನ್ನೊಂದು ತಿಂಗಳ ಆ ಕೋಣೆ, ಆ ಗೋಡೆ, ಆ ಬಿರುಕುಗಳು ನೆನಪಾದವು.

"ಗೊತ್ತಿಲ್ಲ ಮೇಡಂ" ಎಂದ.

"ಯಾರೋ ಎತ್ಕೊಂಡು ಹೋಗಿದಾರೆ. ಸತ್ತಿದ್ರೆ ಒಂದಾದ್ರೂ ಖಾಲಿ ಚಿಪ್ಪು ಸಿಗ್ಬೇಕಿತ್ತು." ಅವಳು ಎದ್ದು ನಿಂತು ಅವನ ಸೀಳಿದ ಬೆರಳುಗಳನ್ನು ನೋಡಿದಳು. ಕಣ್ಣು ತುಂಬಿ ಬಂತು. "ಪಾಪ, ನೀವು ಎಷ್ಟು ಒದ್ದಾಡಿದೀರಿ" ಎಂದಳು.

ಬೈದಿದ್ದರೆ ಬದುಕಿಕೊಳ್ಳುತ್ತಿದ್ದ. ಆ ಒಂದು ಮಾತಿಗೆ ಮಾಲಿ ನಾಲ್ಕು ದಿನ ಊಟ ಬಿಟ್ಟ. ಎರಡು ಬಾರಿ ಕೇಂದ್ರದ ಮೆಟ್ಟಿಲವರೆಗೆ ಹೋಗಿ ಹಿಂದಿರುಗಿದ. ನಾಳೆ ಹೇಳುತ್ತೇನೆ, ನಾಳೆ ಖಂಡಿತ ಹೇಳುತ್ತೇನೆ ಎಂದುಕೊಂಡ. ಅವನು ಹೇಡಿಯಲ್ಲ ಎಂದು ವಾದಿಸುವುದು ನನ್ನಿಂದಾಗದು. ಆ ನಾಲ್ಕು ದಿನ ಅವನು ಹೇಡಿಯೇ.

ಆ ನಾಲ್ಕು ದಿನದಲ್ಲಿ ಡಾಕ್ಟರಮ್ಮ ಪುರಸಭೆಗೆ ವರದಿ ಬರೆದಳು. ಓಣಿಯ ದೀಪವೊಂದನ್ನು ಬದಲಿಸಲು ಆರು ತಿಂಗಳು ತೆಗೆದುಕೊಳ್ಳುವ ಪುರಸಭೆ ಎರಡೇ ದಿನದಲ್ಲಿ ಛತ್ರಿ ಸಾಹೇಬರನ್ನು ಕಳಿಸಿತು. ಬಿಸಿಲಿರಲಿ ನೆರಳಿರಲಿ ಕೈಯಲ್ಲಿ ಕೊಡೆ ಹಿಡಿದೇ ಓಡಾಡುವ ಅಧಿಕಾರಿ. ಜನ ಅವರನ್ನು ಛತ್ರಿ ಎನ್ನುತ್ತಿದ್ದದ್ದು ಕೊಡೆಯ ಕಾರಣಕ್ಕೆ ಮಾತ್ರ ಅಲ್ಲ. ಅವರು ದಡದ ಓಣಿಗೆ ಬಂದು ಏನೋ ವಿಚಾರಿಸಿ ಹೋದರು ಎಂದಷ್ಟೇ ಮಾಲಿಗೆ ಚಹಾ ಅಂಗಡಿಯಲ್ಲಿ ಗೊತ್ತಾಯಿತು.

ಐದನೆಯ ಬೆಳಿಗ್ಗೆ ಕೊಲ್ಲಿಗೆ ಹೋದರೆ ದಡದುದ್ದಕ್ಕೂ ತಂತಿ ಬೇಲಿ, ನಡುವೆ ಒಂದು ಬೋರ್ಡು. ಸಮುದ್ರಜೀವಿಗಳ ರಕ್ಷಣೆಗಾಗಿ ಚಿಪ್ಪು ಹೆಕ್ಕುವುದನ್ನು, ನೀರಿಗೆ ಇಳಿಯುವುದನ್ನು ನಿಷೇಧಿಸಲಾಗಿದೆ. ಬೋರ್ಡಿನಿಂದ ನೂರು ಹೆಜ್ಜೆ ಆಚೆ ಚರಂಡಿ ಎಂದಿನಂತೆ ಬುಳುಬುಳು ಸುರಿಯುತ್ತಿತ್ತು. ಅದಕ್ಕೆ ಬೇಲಿ ಇರಲಿಲ್ಲ.

ಮಾಲಿ ಅಲ್ಲಿಂದ ಕೇಂದ್ರಕ್ಕೆ ಓಡಿದ. ಡಾಕ್ಟರಮ್ಮ ಸಿಂಕಿನ ಮುಂದೆ ನಿಂತು ಗಾಜಿನ ಜಾಡಿಗಳನ್ನು ತೊಳೆಯುತ್ತಿದ್ದಳು. ಉಸಿರು ಬಿಡದೆ ಎಲ್ಲ ಹೇಳಿದ. ಬಕೆಟ್ಟು, ಜರಡಿ, ಲಾರಿ, ಯಾವುದನ್ನೂ ಬಿಡಲಿಲ್ಲ. ನಲ್ಲಿ ಸುರಿಯುತ್ತಲೇ ಇತ್ತು.

"ಆದ್ರೆ ನಾನು ನಿಮಗೆ ನೋಡ್ಕೊಳ್ಳಿ ಅಂದಿದ್ದೆನಲ್ಲ," ಎಂದಳು ನಿಧಾನವಾಗಿ.

"ನೋಡ್ಕೊಂಡೆ ಮೇಡಂ."

ಅವಳು ಒಂದು ಕ್ಷಣ ಅವನ ಮುಖವನ್ನೇ ದಿಟ್ಟಿಸಿದಳು. ಆಮೇಲೆ ನಕ್ಕುಬಿಟ್ಟಳು. ಕೇಳಲಾಗದ ನಗು. ನಗುತ್ತಲೇ ಕುರ್ಚಿಯಲ್ಲಿ ಕುಸಿದು, ಒದ್ದೆ ಕೈಯಲ್ಲಿ ಮುಖ ಮುಚ್ಚಿಕೊಂಡಳು. "ತಪ್ಪು ನಂದೂ ಇದೆ. ನಾನು ಯಾರ ಹತ್ರ ಮಾತಾಡ್ತಿದೀನಿ ಅಂತ ನೋಡ್ಲೇ ಇಲ್ಲ" ಎಂದಳು. ಅವನಿಗೆ ಅದಕ್ಕಿಂತ ಒಂದು ಏಟು ತಿಂದಿದ್ದರೆ ಹಗುರವಾಗುತ್ತಿತ್ತು.

ಅವನ ಎದುರಿಗೇ ಛತ್ರಿ ಸಾಹೇಬರಿಗೆ ಫೋನು ಮಾಡಿದಳು. ಸಾಹೇಬರ ದನಿ ಕೋಣೆಯ ತುಂಬ ಕೇಳುವಷ್ಟು ದೊಡ್ಡದು.

"ಡಾಕ್ಟರಮ್ಮ, ಅದೆಲ್ಲ ಮುಗಿದ ಕಥೆ. ಓಣಿಯೋರು ಒಪ್ಕೊಂಡಿದಾರೆ. ಒಬ್ಬಳು ಬರವಣಿಗೇಲಿ ಕೊಟ್ಟು ಸಹಿನೂ ಹಾಕಿದಾಳೆ. ಈಗ ನಿಮ್ಮ ಮಾಲಿ ಬಂದು ನಾನೇ ಮಾಡಿದ್ದು ಅಂತಾನಾ? ಅವಳು ಅವನ ಸ್ವಂತ ತಂಗಿ ಅಲ್ವಾ! ಅಣ್ಣ ತಂಗಿ ಪ್ರೀತಿ ನೋಡಿದ್ರೆ ಕಣ್ಣಲ್ಲಿ ನೀರು ಬರುತ್ತೆ."

"ಸರ್, ಚರಂಡಿ ನಿಲ್ಲಿಸದೆ ಬೇಲಿ ಹಾಕಿ ಏನು ಪ್ರಯೋಜನ? ಮೂಲ ಅಲ್ಲಿದೆ."

"ನೀವೇ ಬರ್ದಿದೀರಲ್ಲ, ಹುಳ ಇದ್ರೆ ಇಷ್ಟು ಕೊಳಚೆ ಬಂದ್ರೂ ಹುಲ್ಲು ತಡ್ಕೊಳ್ಳುತ್ತೆ ಅಂತ? ಹಂಗಂದ್ಮೇಲೆ ಚರಂಡಿದೇನು ತಪ್ಪು? ಹುಳ ಕಾಯ್ಬೇಕು, ಕಾಯ್ತಿದೀವಿ." ಫೋನು ಕಟ್ಟಾಯಿತು.

ಡಾಕ್ಟರಮ್ಮ ಫೋನನ್ನು ಮೇಜಿನ ಮೇಲೆ ಇಟ್ಟಳು. "ಆ ಸಣ್ಣ ಜೀವಗಳು ಎಷ್ಟು ಹೊರೆ ಹೊರ್ತವೆ ಅಂತ ಬರೆದೆ" ಎಂದಳು. "ಇನ್ನಷ್ಟು ಹೊರಿಸ್ಬಹುದು ಅಂತ ಓದ್ಕೊಂಡಿದಾರೆ." ಊರಲ್ಲಿ ಮೇಯುವವರು ಬೇರೆ ಎಷ್ಟೋ ಜನರಿದ್ದಾರೆ. ಅವರಿಗೆ ಯಾರೂ ಜರಡಿ ಹಿಡಿಯುವುದಿಲ್ಲ.

ಮಾಲಿಗೆ ಅದೊಂದೂ ಕೇಳಿಸಲಿಲ್ಲ. ತಂಗಿ ಎಂಬ ಪದದ ಬಳಿಯೇ ಅವನ ಕಿವಿ ನಿಂತುಹೋಗಿತ್ತು.

ತಂಗಿ ಮನೆಯಲ್ಲೇ ಇದ್ದಳು. ಎಲ್ಲಿಗೆ ಹೋಗುತ್ತಾಳೆ? ಹೊಸ್ತಿಲ ಹತ್ತಿರ ಬುಟ್ಟಿ ಬೋರಲು ಬಿದ್ದಿತ್ತು. ಒಳಗೆ ಒಂದು ಮಂಚ, ಒಂದು ಸ್ಟವ್, ಕಿಟಕಿಯಲ್ಲಿ ಒಣಗಲು ಹಾಕಿದ ಕೈಗವಸು. ಅವಳು ಮಂಚದ ತುದಿಯಲ್ಲಿ ಕೂತು ಹಳೆಯ ಕೈಗವಸಿನ ಬೆರಳಿಗೆ ಹೊಲಿಗೆ ಹಾಕುತ್ತಿದ್ದಳು. ಇನ್ನು ಬೇಕಾಗದ ವಸ್ತುವಿಗೆ ಯಾಕೆ ಹೊಲಿಗೆ ಎಂದು ಕೇಳುವ ಧೈರ್ಯ ಅವನಿಗಾಗಲಿಲ್ಲ.

"ಯಾಕೆ ಸಹಿ ಹಾಕ್ದೆ?"

ಅವಳು ತಲೆ ಎತ್ತಲಿಲ್ಲ. "ನೀನು ದಿನಾ ಬಕೆಟ್ ಹೊತ್ಕೊಂಡು ಹೋಗೋದನ್ನ ನೋಡ್ತಿದ್ದೆ ಕಣಣ್ಣ. ಏನು ಅಂತ ಗೊತ್ತಿರ್ಲಿಲ್ಲ. ಸಾಹೇಬ್ರು ಬಂದು ಹುಳ ಕಳುವಾಗಿದೆ ಅಂದಾಗ ಗೊತ್ತಾಯ್ತು. ಕೇಂದ್ರದ ಆಳೇ ಮಾಡಿದ್ರೆ ಕೆಲಸ ಹೋಗುತ್ತೆ, ಜೈಲೂ ಆಗುತ್ತೆ ಅಂದ್ರು. ಹೊಟ್ಟೆಪಾಡಿಗೆ ಓಣಿಯೋರು ತೆಗ್ದಿದ್ರೆ ಒಂದು ಎಚ್ಚರಿಕೆ ಕೊಟ್ಟು ಬಿಟ್ಬಿಡ್ತೀವಿ ಅಂದ್ರು. ಅದಕ್ಕೆ ನಾನು ತೆಗ್ದೆ ಅಂದೆ."

"ಅಯ್ಯೋ ಹುಚ್ಚಿ! ನನ್ನನ್ನ ಒಂದು ಮಾತು ಕೇಳ್ಬಾರ್ದಿತ್ತಾ?"

"ನೀನು ನಾಲ್ಕು ದಿನ ಈ ಕಡೆ ತಲೆನೇ ಹಾಕ್ಲಿಲ್ಲ." ದಾರವನ್ನು ಹಲ್ಲಿನಿಂದ ಕಡಿದಳು. "ಹನ್ನೊಂದು ತಿಂಗಳು ನೀನು ಆ ಕೋಣೇಲಿ ಹೇಗಿದ್ದೆ ಅಂತ ನೋಡಿದೀನಿ ನಾನು. ಮತ್ತೆ ಹಾಗೆ ನೋಡೋಕೆ ನನ್ನಿಂದ ಆಗಲ್ಲ ಅನ್ನಿಸ್ತು."

"ನೀನೊಬ್ಬಳು ಒಪ್ಕೊಂಡ್ರೆ ಎಲ್ಲರಿಗೂ ಯಾಕೆ ಬೇಲಿ?"

ಆಗ ಅವಳ ದನಿ ಮೊದಲ ಬಾರಿಗೆ ಒಡೆಯಿತು. "ನಾನು ಅಂತ ಹೇಳಿದೆ ಅಣ್ಣ. ನಾನು, ಅಂತ. ಅವರು ನಾವು ಅಂತ ಬರ್ಕೊಂಡಿದಾರೆ. ನಾವು ತೆಗೆದೆವು. ಸಣ್ಣ ಅಕ್ಷರ, ಕನ್ನಡಕ ಇರ್ಲಿಲ್ಲ, ಎಲ್ಲಿ ಸಹಿ ಅಂದೆ, ಇಲ್ಲಿ ಅಂದ್ರು. ಒಂದೇ ಅಕ್ಷರ ಕಣಣ್ಣ. ಹದಿನಾಲ್ಕು ಮನೆ ಹೋಯ್ತು." ಎರಡು ದಿನದಿಂದ ಯಾರೂ ತನ್ನ ಹತ್ತಿರ ಮಾತಾಡಿಲ್ಲ, ನಲ್ಲಿಯ ಹತ್ತಿರ ತಾನು ಹೋದರೆ ಎಲ್ಲರೂ ಕೊಡ ಎತ್ತಿಕೊಂಡು ಹೊರಡುತ್ತಾರೆ ಎಂದೂ ಹೇಳಿದಳು.

ಮಾಲಿ ಎದ್ದ. "ನಡಿ. ಈಗ್ಲೇ ಎಲ್ಲರಿಗೂ ಹೇಳ್ತೀನಿ."

"ಬೇಡ ಅಣ್ಣ. ಬಂದದ್ದು ನನ್ನೊಬ್ಬಳ ತಲೆ ಮೇಲೆ ಬಂದುಹೋಗ್ಲಿ."

ಅವನು ಕೇಳಲಿಲ್ಲ. ಕೇಳುವ ಸ್ಥಿತಿಯಲ್ಲಿ ಇರಲೂ ಇಲ್ಲ. ಹೇಡಿತನದ ನಾಲ್ಕು ದಿನವನ್ನು ಒಂದೇ ಗಳಿಗೆಯ ಧೈರ್ಯದಿಂದ ತೊಳೆದುಕೊಳ್ಳಬಹುದು ಎಂಬ ಭ್ರಮೆ ಅವನಿಗೆ.

ಓಣಿಯ ಕೊನೆಯಲ್ಲಿ ಚಿಪ್ಪು ಬೇರ್ಪಡಿಸುವ ಶೆಡ್ಡಿತ್ತು. ತಗಡಿನ ಮಾಡು, ಉದ್ದನೆಯ ಕಲ್ಲಿನ ಕಟ್ಟೆ, ಒಂದೇ ಬಾಗಿಲು. ಕೆಲಸವಿಲ್ಲದಿದ್ದರೂ ಹೆಂಗಸರು ರೂಢಿಯಂತೆ ಅಲ್ಲೇ ಬಂದು ಕೂತಿದ್ದರು. ಕಟ್ಟೆಯ ಮೇಲೆ ಒಂದು ಚಿಪ್ಪೂ ಇರಲಿಲ್ಲ. ಮಾಲಿ ನಡುವೆ ನಿಂತು, ಕೇಂದ್ರದಲ್ಲಿ ಹೇಳಿದ್ದನ್ನೇ ಮೊದಲಿನಿಂದ ಕೊನೆಯವರೆಗೆ ಇನ್ನೊಮ್ಮೆ ಹೇಳಿದ. ಹುಳ ತೆಗೆದವನು ನಾನು. ತಂಗಿಯದು ಏನೂ ತಪ್ಪಿಲ್ಲ. ನನ್ನನ್ನು ಉಳಿಸಲು ಅವಳು ಸುಳ್ಳು ಹೇಳಿದಳು. ಹೊಟ್ಟೆಗೆ ಹಾಕಿಕೊಳ್ಳಿ ಎಂದು ಕೈ ಮುಗಿದ.

ಓಣಿಯಲ್ಲೇ ಹಿರಿಯವಳಾದ ಕೆಮ್ಮಿನಜ್ಜಿ ಕೆಮ್ಮಿ ಮುಗಿಸುವವರೆಗೂ ಎಲ್ಲರೂ ಕಾದರು.

"ಮುಗೀತಾ ಮಗಾ?" ಎಂದಳು ಅಜ್ಜಿ. ದನಿಯಲ್ಲಿ ಸಿಟ್ಟಿರಲಿಲ್ಲ, ಕನಿಕರವಿತ್ತು. "ಇಪ್ಪತ್ತಾರು ವರ್ಷ ತೋಟ ಮಾಡ್ದೋನು ನೀನು. ಯಾವ ಹುಳ ಏನು ತಿನ್ನುತ್ತೆ ಅಂತ ನಿನಗೆ ಗೊತ್ತಿರ್ಲಿಲ್ವಾ? ನಿನ್ನ ಕೈಗುಣ ಊರಿಗೇ ಗೊತ್ತು. ಮಾಲಿ ಅಂತ ನಮ್ಮೆಲ್ಲರ ಕಿವಿ ಮೇಲೂ ಹೂ ಇಡ್ಬೇಡ."

"ಇಲ್ಲ ಅಜ್ಜಿ, ಆಣೆ ಮಾಡಿ ಹೇಳ್ತೀನಿ. ಬೇಕಾದ್ರೆ ಡಾಕ್ಟರಮ್ಮನ್ನ ಕೇಳಿ."

"ಬೇಲಿ ಬಂದಿದ್ದೇ ಆ ಡಾಕ್ಟರಮ್ಮನ ಕಾಗದದಿಂದ" ಎಂದಳು ಕಟ್ಟೆಯ ತುದಿಯಲ್ಲಿದ್ದ ಇನ್ನೊಬ್ಬಳು. ಎಡಗೈಯಲ್ಲಿ ಚಾಕು ಹಿಡಿಯುವುದರಿಂದ ಅವಳಿಗೆ ಎಡಗೈಯಮ್ಮ ಎಂದೇ ಹೆಸರು. ಎರಡು ಮನೆ ಆಚೆಯವಳು, ಇಪ್ಪತ್ತು ವರ್ಷ ತಂಗಿಯ ಜೊತೆಗೇ ನೀರಿಗೆ ಇಳಿದವಳು.

"ನಿಜ ಹೇಳ್ತಿದೀನಮ್ಮ ನಾನು! ನಿಜಾನೇ ಹೇಳ್ತಿದೀನಿ!"

"ಇರ್ಲಿ ಬಿಡಣ್ಣ" ಎಂದಳು ಎಡಗೈಯಮ್ಮ. "ನಿನ್ನ ಮೇಲೆ ನಮಗೇನೂ ಬೇಜಾರಿಲ್ಲ. ನಮಗೂ ಇಂಥ ಒಬ್ಬ ಅಣ್ಣ ಇರ್ಬಾರ್ದಿತ್ತಾ ಅನ್ನಿಸ್ತಿದೆ." ಆಮೇಲೆ ಅವಳ ಕಣ್ಣು ಬಾಗಿಲ ಕಡೆ ಹೋಯಿತು. ತಂಗಿ ಅಣ್ಣನ ಹಿಂದೆಯೇ ಬಂದು ಒಳಗೆ ಗೋಡೆಗೆ ಅಂಟಿಕೊಂಡು ನಿಂತಿದ್ದಳು. "ನೋಡೇ, ನೋಡು. ಈ ವಯಸ್ಸಲ್ಲಿ ನಿಮ್ಮಣ್ಣ ನಿನಗೋಸ್ಕರ ಎಲ್ಲರ ಮುಂದೆ ಕೈ ಮುಗಿದು ಸುಳ್ಳು ಹೇಳ್ತಿದಾನೆ. ನಮ್ಮ ಹೊಟ್ಟೆಗೆ ಹೊಡ್ದಿದ್ದು ಸಾಲ್ದು ಅಂತ ಇವನ ಮಾನನೂ ಕಳೀತಿದೀಯಲ್ಲ, ನಿನಗೆ ನಾಚಿಕೆ ಆಗಲ್ವಾ?"

ಮಾಲಿ ತಂಗಿಯ ಕಡೆ ತಿರುಗಿದ. ನೀನಾದರೂ ಹೇಳು ಎಂದು ಕಣ್ಣಲ್ಲೇ ಬೇಡಿದ. ಅವಳು ಒಬ್ಬೊಬ್ಬರ ಮುಖವನ್ನೂ ನೋಡಿದಳು. ತಾನು ಬಾಯಿ ಬಿಟ್ಟರೆ ಅಣ್ಣನ ಮೇಲೆ ತಪ್ಪು ಹೊರಿಸುತ್ತಿದ್ದಾಳೆ ಎನ್ನುತ್ತಾರೆ, ಬಿಡದಿದ್ದರೆ ಒಪ್ಪಿಕೊಂಡಳು ಎನ್ನುತ್ತಾರೆ. ಅಣ್ಣ ಬರುವ ಮುಂಚೆ ಅವಳು ಅಲ್ಲಿ ಬರೀ ಕಳ್ಳಿಯಾಗಿದ್ದಳು.

"ಬಾ ಅಣ್ಣ, ಮನೆಗೆ ಹೋಗೋಣ" ಎಂದಳು.

ಬಾಗಿಲು ಕಿರಿದು. ಹೆಂಗಸರು ಸರಿದು ಮಾಲಿಗೆ ದಾರಿ ಮಾಡಿಕೊಟ್ಟರು, ಕೆಮ್ಮಿನಜ್ಜಿ ಅವನ ಬೆನ್ನನ್ನು ಒಮ್ಮೆ ಸವರಿದಳು. ತಂಗಿಗೆ ಯಾರೂ ಸರಿಯಲಿಲ್ಲ. ಅವಳು ಗೋಡೆಗೆ ಒರಸಿಕೊಂಡು ಹೊರಗೆ ಬಂದಳು.